ಯಾರ ಒಪ್ಪಿಗೆ, ಯಾವುದಕ್ಕೆ ಒಪ್ಪಿಗೆ? ಕಲಬುರಗಿಯ ಒಂದು ಹಳೆಯ ಎಲೆಕ್ಟ್ರಿಕ್ ಕಾರಿನ ಪ್ರಕರಣ

ಕಾರು 2020ರ ಮಾದರಿಯದು. ಮೊದಲು ಕೊಂಡವರು ಕಲಬುರಗಿಯ ಒಬ್ಬ ಡಾಕ್ಟರು. 2023ರಲ್ಲಿ ಅವರು ಅದನ್ನು ನೆಹರೂ ಗಂಜ್‌ನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಪರಿಚಯದವರಿಗೆ ಮಾರಿದರು. ಗಂಜ್‌ನಲ್ಲಿ ಎಲ್ಲರೂ ಕರೆಯುವಂತೆ ಇಲ್ಲಿಯೂ ಅವರನ್ನು ಸಾವ್ಕಾರ್ರು ಎಂದೇ ಕರೆಯುತ್ತೇನೆ. ಆರ್‌ಟಿಒ ಕಚೇರಿಯಲ್ಲಿ ಹೆಸರು ಬದಲಾಯಿತು, ವಿಮೆ ಬದಲಾಯಿತು, ಬ್ಯಾಟರಿಯ ಎಂಟು ವರ್ಷದ ವಾರಂಟಿಯೂ ಹೊಸ ಮಾಲೀಕರ ಹೆಸರಿಗೆ ಬಂತು. ಕಂಪನಿಯ ಮೊಬೈಲ್ ಆ್ಯಪ್‌ನಲ್ಲಿದ್ದ ಖಾತೆ ಮಾತ್ರ ಡಾಕ್ಟರ ಫೋನ್ ನಂಬರಿನಲ್ಲೇ ಉಳಿಯಿತು. ಆಗ ಅದು ಯಾರಿಗೂ ದೊಡ್ಡ ವಿಷಯ ಅನಿಸಲಿಲ್ಲ.

2025ರ ಏಪ್ರಿಲ್‌ನಲ್ಲಿ ಮಾಮೂಲಿ ಸರ್ವಿಸ್‌ಗೆ ಹೋದ ಕಾರು ಸಂಜೆ ಮನೆಗೆ ಬಂದಾಗ ಅದರ ಬ್ಯಾಟರಿಯನ್ನು ನಿಯಂತ್ರಿಸುವ ಸಾಫ್ಟ್‌ವೇರ್ ಬೇರೆಯದಾಗಿತ್ತು. ಅಂದಿನಿಂದ ಒಂದು ಫುಲ್ ಚಾರ್ಜಿಗೆ ಓಡುವ ದೂರ ಸುಮಾರು ಎಂಟನೇ ಒಂದು ಭಾಗ ಕಡಿಮೆಯಾಯಿತು. ಮಾಲೀಕರನ್ನು ಯಾರೂ ಕೇಳಿರಲಿಲ್ಲ. ಆದ ಮೇಲೆ ಯಾರೂ ಹೇಳಿಯೂ ಇರಲಿಲ್ಲ.

ನಾನು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ವಿಭಾಗದ ಪಾಠ ಮಾಡುವವನು. ಸಾವ್ಕಾರ್ರ ದೂರಿಗೆ ಬೇಕಾದ ಅಳತೆಗಳನ್ನು ತೆಗೆದುಕೊಟ್ಟು, ವಕೀಲರ ಜೊತೆ ಕೂತು ಅದರ ತಾಂತ್ರಿಕ ಭಾಗವನ್ನು ಬರೆದುಕೊಟ್ಟೆ. ದೂರು ಈಗ ಜಿಲ್ಲಾ ಗ್ರಾಹಕ ಆಯೋಗದ ಮುಂದಿದೆ. ಆದ್ದರಿಂದ ಕಂಪನಿಯ ಹೆಸರಾಗಲಿ, ಸರ್ವಿಸ್ ಸೆಂಟರಿನ ಹೆಸರಾಗಲಿ ಇಲ್ಲಿ ಬರೆಯುತ್ತಿಲ್ಲ. ಆದರೆ ನಡೆದದ್ದನ್ನು ಪೂರ್ತಿ ಬರೆಯಬೇಕು. ಮೊದಲ ಸುತ್ತಿನ ಎಲೆಕ್ಟ್ರಿಕ್ ಕಾರುಗಳು ಈಗ ಹೈದರಾಬಾದಿನಿಂದ, ಬೆಂಗಳೂರಿನಿಂದ ನಮ್ಮ ಕಡೆಗೆ ಎರಡನೇ ಕೈಗೆ, ಮೂರನೇ ಕೈಗೆ ಬರುತ್ತಿರುವ ಕಾಲ ಇದು. ಇವರಿಗೆ ಆದದ್ದು ಇನ್ನೂ ಹಲವರಿಗೆ ಆಗಲಿದೆ.

ಶಹಾಬಾದಿನ ಹತ್ತಿರ ಗೊತ್ತಾದದ್ದು

ಸಾವ್ಕಾರ್ರ ಸಂಬಂಧಿಕರು ಯಾದಗಿರಿಯಲ್ಲಿದ್ದಾರೆ. ಶಹಾಬಾದ್, ವಾಡಿ, ನಾಲವಾರ ದಾಟಿ ಹೋಗಿ ಬರಲು, ಊರೊಳಗಿನ ಓಡಾಟವೂ ಸೇರಿ, 165 ಕಿಲೋಮೀಟರ್ ಆಸುಪಾಸು. ಎರಡು ವರ್ಷದಿಂದ ಅವರು ಮಧ್ಯೆ ಎಲ್ಲೂ ಚಾರ್ಜ್ ಮಾಡದೆ ಹೋಗಿಬರುತ್ತಿದ್ದರು. ವಾಪಸ್ ಬಂದಾಗ ಇನ್ನೂ 20 ಶೇಕಡಾ ಉಳಿದಿರುತ್ತಿತ್ತು.

ಮೇ ತಿಂಗಳಲ್ಲಿ ಒಂದು ಮದುವೆಗೆ ಹೋದರು. ಬಿಸಿಲು 43 ಡಿಗ್ರಿ, ಕಾರಿನಲ್ಲಿ ಇಬ್ಬರು ವಯಸ್ಸಾದವರು, ಏಸಿ ಬಂದ್ ಮಾಡುವಂತಿರಲಿಲ್ಲ. ವಾಪಸ್ ಬರುವಾಗ ಶಹಾಬಾದ್ ಹತ್ತಿರ ತೆರೆಯ ಮೇಲೆ 12 ಶೇಕಡಾ ಎಂದು ಬಂತು. ಏಸಿ ತಾನಾಗಿಯೇ ನಿಂತಿತು, ವೇಗ ಏರದಾಯಿತು. ಕಲಬುರಗಿ ಇನ್ನೂ ಇಪ್ಪತ್ತೈದು ಕಿಲೋಮೀಟರ್ ಮೇಲೆ ಇತ್ತು. ಪರಿಚಯದವರ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ 15 ಆಂಪಿಯರ್ ಸಾಕೆಟ್ ಇದ್ದದ್ದರಿಂದ ಪಾರಾದರು. ಅಲ್ಲಿ ಎರಡು ತಾಸು ಕೂತರು. ಹಿರಿಯರಲ್ಲಿ ಒಬ್ಬರಿಗೆ ಬಿಪಿ ಇದೆ, ಅವರನ್ನು ಬಸ್ಸಿಗೆ ಹತ್ತಿಸಿ ಮೊದಲೇ ಕಳಿಸಬೇಕಾಯಿತು.

ಮರುದಿನ ಸರ್ವಿಸ್ ಸೆಂಟರಿಗೆ ಹೋದಾಗ ಬಂದ ಉತ್ತರ: 'ಸರ, ಬ್ಯಾಸಿಗಿ ಅದಲ್ರಿ. ಏಸಿ ಹಚ್ಚಿದ್ರ ಹಿಂಗೇ ಆಗ್ತದ.' ಸಾವ್ಕಾರ್ರು ಬಿಡಲಿಲ್ಲ. ಹಿಂದಿನ ಎರಡು ಬೇಸಿಗೆಯಲ್ಲೂ ಏಸಿ ಹಾಕಿಕೊಂಡೇ ಅದೇ ದಾರಿಯಲ್ಲಿ ಓಡಾಡಿದ್ದೆವಲ್ಲ ಎಂದು ಕೇಳಿದರು. ಅದಕ್ಕೆ ಉತ್ತರ ಬರಲಿಲ್ಲ. ಆಮೇಲೆ ಅವರು ನನ್ನ ಹತ್ತಿರ ಬಂದರು.

ನೋಟ್‌ಬುಕ್ ಹೇಳಿದ್ದು

ಇಡೀ ಪ್ರಕರಣ ನಿಂತಿರುವುದು ಒಂದು ನೋಟ್‌ಬುಕ್ಕಿನ ಮೇಲೆ. ಮನೆಯ ಕರೆಂಟ್ ಬಿಲ್ಲಿನಲ್ಲಿ ಗಾಡಿಯ ಪಾಲೆಷ್ಟು ಎಂದು ತಿಳಿಯಲು ಸಾವ್ಕಾರ್ರು ಪಡಸಾಲೆಯ ಸಾಕೆಟ್ಟಿಗೆ ಬೇರೆ ಸಣ್ಣ ಮೀಟರ್ ಹಾಕಿಸಿದ್ದರು. ಅವರ ಮಗಳು ಪ್ರತಿ ಸಲ ಚಾರ್ಜ್ ಆದಾಗ ತಾರೀಖು, ಓಡಿದ ಕಿಲೋಮೀಟರ್, ಶುರುವಿನ ಶೇಕಡಾ, ಮುಗಿದ ಶೇಕಡಾ, ಎಳೆದ ಯೂನಿಟ್ ಇಷ್ಟನ್ನೂ ಸಾಲಾಗಿ ಬರೆದಿಟ್ಟಿದ್ದಳು. ನನ್ನ ವಿದ್ಯಾರ್ಥಿಗಳಿಗೆ ಹೇಳಿಕೊಡಲು ಹೆಣಗುವ ಶಿಸ್ತನ್ನು ಆ ಹುಡುಗಿ ತಾನಾಗಿಯೇ ಕಲಿತಿದ್ದಳು.

ಅದರಲ್ಲಿ ಕಂಡದ್ದು ಇಷ್ಟು. ಏಪ್ರಿಲ್ ಸರ್ವಿಸ್‌ಗೆ ಮೊದಲು 20 ಶೇಕಡಾದಿಂದ 100 ಶೇಕಡಾಕ್ಕೆ ಏರಲು ಗಾಡಿ ಸರಾಸರಿ 24 ಯೂನಿಟ್ ಎಳೆಯುತ್ತಿತ್ತು. ಸರ್ವಿಸ್ ಆದ ಮೊದಲ ರಾತ್ರಿಯಿಂದಲೇ ಅದೇ 80 ಶೇಕಡಾಕ್ಕೆ 21 ಯೂನಿಟ್ ಸಾಕಾಯಿತು. ಬ್ಯಾಟರಿ ಸವೆಯುವುದು ನಿಧಾನ, ತಿಂಗಳುಗಟ್ಟಲೆ ವರ್ಷಗಟ್ಟಲೆ. ಒಂದು ರಾತ್ರಿಯಲ್ಲಿ ಎಂಟನೇ ಒಂದು ಭಾಗ ಸವೆಯುವುದಿಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಗೋಡೆಯ ಮೀಟರಿನ ಒಂದು ಯೂನಿಟ್ಟಿಗೆ ಕಾರು ಓಡುತ್ತಿದ್ದದ್ದು ಸುಮಾರು 7 ಕಿಲೋಮೀಟರ್. ಅಪ್‌ಡೇಟ್ ಆದ ಮೇಲೂ ಅದು 7 ಕಿಲೋಮೀಟರೇ. ತಪ್ಪು ಏಸಿಯದೋ ಟೈರಿನದೋ ಡ್ರೈವರಿನ ಕಾಲಿನದೋ ಆಗಿದ್ದರೆ ಈ ಅಂಕಿ ಇಳಿಯಬೇಕಿತ್ತು. ಅದು ಇಳಿದಿಲ್ಲ, ಇಳಿದದ್ದು ಬ್ಯಾಟರಿ ಒಳಗೆ ತೆಗೆದುಕೊಳ್ಳುವ ಒಟ್ಟು ಯೂನಿಟ್. ಮದುವೆಯ ದಿನ ಮಾತ್ರ ಏಸಿಯಿಂದ ಖರ್ಚು ಹೆಚ್ಚಾಗಿ ಯೂನಿಟ್ಟಿಗೆ 6.3 ಕಿಲೋಮೀಟರ್ ಬಂದಿತ್ತು, ಅದನ್ನು ದೂರಿನಲ್ಲಿ ನಾವೇ ಒಪ್ಪಿಕೊಂಡು ಬರೆದಿದ್ದೇವೆ. ಆದರೆ ಹಳೆಯ ಸಾಮರ್ಥ್ಯ, ಅಂದರೆ ನೂರು ಶೇಕಡಾಕ್ಕೆ 30 ಯೂನಿಟ್, ಇದ್ದಿದ್ದರೆ ಆ ಖರ್ಚಿನಲ್ಲೂ 189 ಕಿಲೋಮೀಟರ್ ಓಡಿ, ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರಿನಷ್ಟು ಚಾರ್ಜ್ ಉಳಿಸಿಕೊಂಡೇ ಮನೆ ಸೇರುತ್ತಿತ್ತು.

ಆಮೇಲೆ ಕಾರಿನ ದೋಷ ಪತ್ತೆಗೆಂದು ಇರುವ ಡಯಾಗ್ನೋಸ್ಟಿಕ್ ಪೋರ್ಟಿಗೆ ರೀಡರ್ ಹಾಕಿ, ಬ್ಯಾಟರಿಯೊಳಗಿನ ಸಣ್ಣ ಘಟಕಗಳಾದ ಸೆಲ್‌ಗಳ ವೋಲ್ಟೇಜ್ ನೋಡಿದೆ. ಇದರಲ್ಲಿರುವುದು ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಸೆಲ್‌ಗಳು. ಇಂಥ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ತೋರಿಸುವುದು ವಾಡಿಕೆ, ಹಿಂದಿನ ವರ್ಷದ ಸರ್ವಿಸ್ ವರದಿಯಲ್ಲೂ ಅದರ ಹತ್ತಿರದ ಅಂಕಿಯೇ ಇತ್ತು. ಈಗ ತೆರೆಯ ಮೇಲೆ 100 ಶೇಕಡಾ ಬಂದಾಗ ಸೆಲ್‌ಗಳು 4.1 ವೋಲ್ಟಿಗೇ ನಿಲ್ಲುತ್ತಿದ್ದವು. ಅಂದರೆ ಮೇಲಿನ ಮಿತಿಯನ್ನು ತಗ್ಗಿಸಿ, ತಗ್ಗಿದ ಮಟ್ಟವನ್ನೇ ನೂರು ಎಂದು ತೋರಿಸುವಂತೆ ಬರೆದಿದ್ದರು. ತೆರೆಯ ಮೇಲೆ 90 ಎಂದು ತೋರಿಸಿದ್ದರೆ ಸಾವ್ಕಾರ್ರು ಮೊದಲ ದಿನವೇ ಕೇಳುತ್ತಿದ್ದರು, ಯಾದಗಿರಿಗೆ ಹೋಗುವ ಮುಂಚೆ ಲೆಕ್ಕ ಹಾಕುತ್ತಿದ್ದರು. ಮಿತಿ ತಗ್ಗಿಸಿದ್ದಕ್ಕಿಂತ ನನಗೆ ಹೆಚ್ಚು ನೋವಾದದ್ದು ಈ ನೂರನ್ನು ನೂರಾಗಿಯೇ ಉಳಿಸಿದ್ದಕ್ಕೆ.

ವಾರಂಟಿಯ ಮಾತೂ ಇಲ್ಲೇ ಬರುತ್ತದೆ. ಬ್ಯಾಟರಿಯ ಆರೋಗ್ಯ 70 ಶೇಕಡಾಕ್ಕಿಂತ ಇಳಿದರೆ ಕಂಪನಿ ಸರಿಮಾಡಿಕೊಡಬೇಕು ಎಂದು ಪುಸ್ತಕದಲ್ಲಿದೆ. ಆ ಆರೋಗ್ಯವನ್ನು ಅಳೆಯುವುದು ಯಾರು? ಅದೇ ಸಾಫ್ಟ್‌ವೇರ್. ಹಿಂದಿನ ವರ್ಷದ ವರದಿಯಲ್ಲಿ 90 ಇದ್ದ ಅಂಕಿ ಅಪ್‌ಡೇಟ್ ಆದ ಮೇಲೆ 91 ಎಂದು ಬಂತು. ತುಂಬುವ ಯೂನಿಟ್ ಎಂಟನೇ ಒಂದು ಭಾಗ ಕಡಿಮೆಯಾಗಿದೆ, ಆರೋಗ್ಯ ಒಂದು ಅಂಕ ಏರಿದೆ! ಸಾವ್ಕಾರ್ರು ವರದಿ ನೋಡಿ ಹೇಳಿದರು: 'ಮಾಸ್ತರ್ರ, ನಮ್ಮ ತಕ್ಕಡಿಗಿ ಇಲಾಖೆದೋರು ಬಂದು ಸೀಲ್ ಹಾಕ್ತಾರ್ರಿ. ಇವ್ರ ತಕ್ಕಡಿಗಿ ಇವ್ರದೇ ಸೀಲ್ ಏನ್ರಿ?' ಗಂಜ್‌ನಲ್ಲಿ ತೊಗರಿ ತೂಗುವ ಕಾಟಾವನ್ನು ಕಾನೂನು ಮಾಪನಶಾಸ್ತ್ರ ಇಲಾಖೆ ಪರೀಕ್ಷಿಸಿ ಮುದ್ರೆ ಒತ್ತಬೇಕು. ಲಕ್ಷಗಟ್ಟಲೆ ಬೆಲೆಯ ಬ್ಯಾಟರಿಯ ವಾರಂಟಿಯನ್ನು ತೀರ್ಮಾನಿಸುವ ಅಂಕಿಗೆ ಹೊರಗಿನವರ ಮುದ್ರೆ ಇಲ್ಲ.

ಒಪ್ಪಿಗೆ ಕೊಟ್ಟವರು ಯಾರು?

ಕಂಪನಿ ತನ್ನ ಉತ್ತರದಲ್ಲಿ 'ಗ್ರಾಹಕರ ಒಪ್ಪಿಗೆ ಪಡೆಯಲಾಗಿದೆ' ಎಂದು ಬರೆದಿತ್ತು. ಆ ಒಪ್ಪಿಗೆಯ ಜಾಡು ಹಿಡಿದು ಹೋದೆವು.

2020ರಲ್ಲಿ ಕಾರು ತೆಗೆದುಕೊಂಡ ದಿನ ಡಾಕ್ಟರು ಆ್ಯಪ್‌ನಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಿದ್ದರು. ಅದರ ಕೆಳಗಿನ ಉದ್ದನೆಯ ಇಂಗ್ಲಿಷ್ ಷರತ್ತುಗಳ ನಡುವೆ, ಕಾಲಕಾಲಕ್ಕೆ ಸಾಫ್ಟ್‌ವೇರ್ ಬದಲಿಸುವ ಹಕ್ಕು ಕಂಪನಿಗಿದೆ ಎಂಬ ಸಾಲಿದೆ. ಐದು ವರ್ಷ ಕಳೆದ ಮೇಲೆ, ಬೇರೊಬ್ಬರ ಕೈಯಲ್ಲಿರುವ ಕಾರಿಗೆ ಆ ಟಿಕ್ ಅನ್ವಯಿಸುತ್ತದೆ ಎನ್ನುವುದು ಕಂಪನಿಯ ಮೊದಲ ವಾದ. ಎರಡನೆಯದು, ಏಪ್ರಿಲ್‌ನಲ್ಲಿ ಆ್ಯಪ್ ಮೂಲಕ ಸೂಚನೆ ಕಳಿಸಿದ್ದೇವೆ ಎನ್ನುವುದು. ಕಳಿಸಿದ್ದು ನಿಜ, ಹೋದದ್ದು ಡಾಕ್ಟರ ಫೋನಿಗೆ. ಕಾರು ಮಾರಿ ಎರಡು ವರ್ಷವಾಗಿದ್ದ ಅವರು ಅದನ್ನು ಓದದೆ ಅಳಿಸಿದರು. ಅವರ ತಪ್ಪೇನೂ ಇಲ್ಲ. ಆ ಸೂಚನೆಯ ಪ್ರತಿ ನಮಗೆ ಆಮೇಲೆ ಸಿಕ್ಕಿತು. ಅದರಲ್ಲಿದ್ದದ್ದು 'ಸಾಮಾನ್ಯ ಸುಧಾರಣೆಗಳು' ಎಂಬ ಅರ್ಥದ ಒಂದೇ ಸಾಲು. ಓಡುವ ದೂರ ಕಡಿಮೆಯಾಗಬಹುದು ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ.

ಮೂರನೆಯದು ಜಾಬ್ ಕಾರ್ಡ್, ಅಂದರೆ ಸರ್ವಿಸ್ ಸೆಂಟರಿನವರು ಮಾಡಬೇಕಾದ ಕೆಲಸಗಳನ್ನು ಬರೆಯುವ ಕಾಗದ. ಗಾಡಿ ಬಿಟ್ಟುಬರಲು ಹೋದದ್ದು ಡ್ರೈವರ್ ಹುಡುಗ. ಅವನು ಯಾವಾಗಲೂ ಮಾಡುವಂತೆ ತೋರಿಸಿದ ಜಾಗದಲ್ಲಿ ಸಹಿ ಹಾಕಿದ. ಕಾರ್ಡಿನಲ್ಲಿ ವೈಪರ್, ಬ್ರೇಕ್ ಆಯಿಲ್, ವ್ಹೀಲ್ ಅಲೈನ್‌ಮೆಂಟ್ ಕೆಳಗೆ ಕೊನೆಯ ಸಾಲಾಗಿ ಸಾಫ್ಟ್‌ವೇರ್ ಅಪ್‌ಡೇಟ್, ಶುಲ್ಕವಿಲ್ಲ ಎಂದಿದೆ. ಆ ಸಾಲನ್ನು ಸಹಿ ಆದ ಮೇಲೆ ಸೇರಿಸಿದರೋ ಮುಂಚೆಯೇ ಇತ್ತೋ ಎನ್ನುವುದು ವಿವಾದದಲ್ಲಿದೆ. ಇದ್ದರೂ ಏನು? ಆ ಹುಡುಗ ಕಾರಿನ ಮಾಲೀಕನಲ್ಲ, ಮಾಲೀಕರ ಪರವಾಗಿ ಬ್ಯಾಟರಿಯ ಸಾಮರ್ಥ್ಯ ಬಿಟ್ಟುಕೊಡುವ ಅಧಿಕಾರ ಅವನಿಗಿಲ್ಲ, ಆ ಸಾಲು ಓದಿದರೂ ಅದರ ಅರ್ಥ ಅವನಿಗಾಗಲಿ ನನಗಾಗಲಿ ತಿಳಿಯುತ್ತಿರಲಿಲ್ಲ. ಇದಾದ ಮೇಲೆ ಆ ಹುಡುಗ ಬಹಳ ಹೆದರಿದ್ದ, ಸಂಬಳದಲ್ಲಿ ಹಿಡಿಯುತ್ತಾರೇನೋ ಎಂದು. ಸಾವ್ಕಾರ್ರು 'ನಿಂದೇನ್ ತಪ್ಪದೋ ತಮ್ಮಾ' ಎಂದು ಸಮಾಧಾನ ಮಾಡಿದರು.

ಹೀಗೆ ಮೂರು ಒಪ್ಪಿಗೆಗಳು ಕಾಗದದ ಮೇಲಿವೆ. ಅದರಲ್ಲಿ ಒಂದೂ ಕಾರಿನ ಮಾಲೀಕರದಲ್ಲ, ಒಂದೂ ಏನು ಕಳೆದುಕೊಳ್ಳುತ್ತೀರಿ ಎಂದು ಹೇಳಿ ಪಡೆದದ್ದಲ್ಲ.

ಕಂಪನಿಯ ಮೂರನೇ ಉತ್ತರ

ಸರ್ವಿಸ್ ಸೆಂಟರಿನಲ್ಲಿ ಬಂದ ಮೊದಲ ಉತ್ತರ ಬೇಸಿಗೆ, ಏಸಿ ಎಂಬುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಇಮೇಲ್‌ನಲ್ಲಿ ಬಂದ ಉತ್ತರ, ಇದು ಕಾರ್ಯಕ್ಷಮತೆಯ ಸುಧಾರಣೆ ಎಂದಿತು. ವಕೀಲರ ನೋಟಿಸ್ ಹೋದ ಮೇಲೆ ಧಾಟಿ ಬದಲಾಯಿತು: ಆ ಅವಧಿಯಲ್ಲಿ ತಯಾರಾದ ಬ್ಯಾಟರಿಗಳ ಸುರಕ್ಷತೆ ಮತ್ತು ಬಾಳಿಕೆಗಾಗಿ ಮಾಡಿದ ಕಡ್ಡಾಯ ಅಪ್‌ಡೇಟ್, ಗ್ರಾಹಕರು ಬೇಡ ಎನ್ನುವಂತಿಲ್ಲ.

ಈ ಮೂರನೇ ಉತ್ತರವನ್ನು ನಾನು ತಳ್ಳಿಹಾಕುವುದಿಲ್ಲ. ತಾಂತ್ರಿಕವಾಗಿ ಅದರಲ್ಲಿ ಸತ್ಯ ಇರಬಹುದು. ಲಿಥಿಯಂ ಸೆಲ್‌ಗಳು ಬಿಸಿಯಲ್ಲಿ, ಅದರಲ್ಲೂ ಪೂರ್ತಿ ತುಂಬಿಕೊಂಡು ಬಿಸಿಯಲ್ಲಿ ನಿಂತಾಗ ಬೇಗ ಮುಪ್ಪಾಗುತ್ತವೆ. ಕಲಬುರಗಿಯ ಬೇಸಿಗೆಯಲ್ಲಿ ರಾತ್ರಿಯೆಲ್ಲ ಚಾರ್ಜ್ ಆಗಿ ನೂರಕ್ಕೆ ಮುಟ್ಟಿದ ಕಾರು ಮರುದಿನ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲುವುದು ಬ್ಯಾಟರಿಗೆ ದೊಡ್ಡ ಹಿಂಸೆ. ಒಳಗೆ ಎಲ್ಲಾದರೂ ತಯಾರಿಕೆಯ ದೋಷವಿರುವ ಸೆಲ್ ಇದ್ದರೆ, ತುಂಬಿದ ಸ್ಥಿತಿಯಲ್ಲೇ ಅಪಾಯ ಹೆಚ್ಚು. ಮೇಲಿನ ಮಿತಿ ತಗ್ಗಿಸುವುದು ಗೊತ್ತಿರುವ ಉಪಾಯ. ಷೆವ್ರೊಲೆ ಬೋಲ್ಟ್ ಕಾರುಗಳಿಗೆ ಬೆಂಕಿ ಹೊತ್ತಿಕೊಂಡ ಪ್ರಕರಣಗಳಾದಾಗ 2020ರ ನವೆಂಬರಿನಲ್ಲಿ ಜನರಲ್ ಮೋಟರ್ಸ್ ಮಾಡಿದ್ದೂ ಅದನ್ನೇ, ಚಾರ್ಜನ್ನು 90 ಶೇಕಡಾಕ್ಕೆ ಕಟ್ಟಿಹಾಕಿತು. ಆದರೆ ಅದನ್ನು ರೀಕಾಲ್, ಅಂದರೆ ದೋಷವಿರುವ ವಾಹನಗಳನ್ನು ತಯಾರಕರೇ ಕರೆಸಿಕೊಂಡು ಸರಿಪಡಿಸುವುದು, ಎಂದೇ ಕರೆದು, 90 ಎಂದೇ ಹೇಳಿ ಮಾಡಿತು. ಸಾಫ್ಟ್‌ವೇರ್ ಸಾಲದು ಎಂದು ಗೊತ್ತಾದ ಮೇಲೆ 2021ರಲ್ಲಿ ಬ್ಯಾಟರಿಯ ಸೆಲ್ಲುಗಳ ಗುಂಪುಗಳಾದ ಮಾಡ್ಯೂಲ್‌ಗಳನ್ನೇ ಬದಲಿಸಿಕೊಡಲು ಮುಂದಾಯಿತು.

ಹ್ಯುಂಡೈ ಕೋನಾ ಕಾರಿನ ಕತೆಯೂ ಹತ್ತಿರದ್ದೇ. 2020ರ ಅಕ್ಟೋಬರಿನಲ್ಲಿ ಕೊರಿಯಾದಲ್ಲಿ ಬ್ಯಾಟರಿ ಸಾಫ್ಟ್‌ವೇರ್ ಬದಲಿಸುವ ರೀಕಾಲ್ ನಡೆಯಿತು, ಭಾರತದಲ್ಲೂ 456 ಕಾರುಗಳನ್ನು ಕರೆಸಿಕೊಂಡರು. 2021ರ ಜನವರಿಯಲ್ಲಿ ಕೊರಿಯಾದ ದೇಗು ನಗರದಲ್ಲಿ, ಅಪ್‌ಡೇಟ್ ಆಗಿದ್ದ ಕಾರಿಗೇ ಬೆಂಕಿ ಹತ್ತಿತು. ಆಮೇಲೆ ಜಗತ್ತಿನಾದ್ಯಂತ ಸುಮಾರು 82,000 ವಾಹನಗಳ ಬ್ಯಾಟರಿ ಬದಲಿಸುವ ತೀರ್ಮಾನವಾಯಿತು. ಇದನ್ನು ದೂರಿನಲ್ಲಿ ಸೇರಿಸಿದ್ದು ಸುಮ್ಮನೆ ಅಲ್ಲ. ಸುರಕ್ಷತೆಯ ದೋಷವೇ ಇದ್ದರೆ ಮಿತಿ ತಗ್ಗಿಸಿ ಕೈತೊಳೆದುಕೊಳ್ಳುವುದು ಪರಿಹಾರವಲ್ಲ, ಬ್ಯಾಟರಿಯನ್ನು ಬಿಚ್ಚಿ ನೋಡಬೇಕು.

ನಾವು ಹಿಡಿದುಕೊಂಡಿರುವ ವಾದ ಇಷ್ಟೇ. ಒಂದೋ ಇದು ಸುರಕ್ಷತೆಯ ವಿಷಯ, ಇಲ್ಲವೋ ಅಲ್ಲ. ಸುರಕ್ಷತೆಯ ವಿಷಯವಾದರೆ ಅದಕ್ಕೆ ರೀಕಾಲ್ ಎಂಬ ದಾರಿಯಿದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿಸಿದ ಕಲಂ 110ಎ, ಚಾಲಕರಿಗೆ, ಒಳಗೆ ಕೂತವರಿಗೆ ಅಥವಾ ರಸ್ತೆಯಲ್ಲಿರುವವರಿಗೆ ಹಾನಿ ಮಾಡುವಂಥ ದೋಷವಿದ್ದರೆ ವಾಹನಗಳನ್ನು ಕರೆಸಿಕೊಳ್ಳುವ ಬಗ್ಗೆ ಹೇಳುತ್ತದೆ. ತಯಾರಕರು ಹಣ ಹಿಂತಿರುಗಿಸಬೇಕು, ಇಲ್ಲವೇ ವಾಹನ ಬದಲಿಸಿಕೊಡಬೇಕು ಅಥವಾ ದುರಸ್ತಿ ಮಾಡಿಕೊಡಬೇಕು. ದೋಷ ತಾವೇ ಕಂಡುಕೊಂಡರೆ ಸರ್ಕಾರಕ್ಕೆ ತಿಳಿಸಿ ತಾವೇ ರೀಕಾಲ್ ಶುರು ಮಾಡಬೇಕು, ಆಗ ದಂಡವೂ ಇಲ್ಲ. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಆ ದಾರಿಯಲ್ಲಿ ಬಂದಿದ್ದರೆ ಮಾಲೀಕರ ಒಪ್ಪಿಗೆಯ ಪ್ರಶ್ನೆ ಹಿಂದೆ ಸರಿಯುತ್ತಿತ್ತು. ಬೆಂಕಿಯ ಅಪಾಯವಿರುವ ಕಾರನ್ನು ಹಾಗೇ ಓಡಿಸುತ್ತೇನೆ ಎನ್ನುವ ಹಟಕ್ಕೆ ನಾನು ಬೆಂಬಲ ಕೊಡಲಾರೆ. ಆ ಕಾರು ನಿಲ್ಲುವುದು ಪಕ್ಕದ ಮನೆಯವರ ಗೋಡೆಗೂ ಆತುಕೊಂಡೇ. ಆದರೆ ರೀಕಾಲ್ ಎಂದ ಮೇಲೆ ಖರ್ಚು, ನಷ್ಟ, ಹೊಣೆ ಎಲ್ಲವೂ ತಯಾರಕರದ್ದು.

ಸುರಕ್ಷತೆಯದಲ್ಲ, ಬಾಳಿಕೆ ಹೆಚ್ಚಿಸುವುದಕ್ಕೆ ಎಂದಾದರೆ? ಹತ್ತು ಕಿಲೋಮೀಟರ್ ಹೆಚ್ಚು ಓಡಬೇಕೋ, ಎರಡು ವರ್ಷ ಹೆಚ್ಚು ಬಾಳಬೇಕೋ ಎಂದು ತೀರ್ಮಾನಿಸುವುದು ದುಡ್ಡು ಕೊಟ್ಟವರ ಹಕ್ಕು. ವಾರಂಟಿ ಮುಗಿಯುವವರೆಗೆ ಬ್ಯಾಟರಿ ಕೆಡದಿದ್ದರೆ ಲಾಭ ಕಂಪನಿಗೂ ಇದೆ ಎನ್ನುವುದನ್ನು ಮರೆಯಬಾರದು. ಅಲ್ಲಿ ಕೇಳಲೇಬೇಕು. ಈಗ ನಡೆದಿರುವುದು ಎರಡರ ನಡುವಿನ ಆಟ: ಒಪ್ಪಿಗೆ ಕೇಳಿದಾಗ ಸುರಕ್ಷತೆ ಎನ್ನುವುದು, ನಷ್ಟ ಕೇಳಿದಾಗ ಸುಧಾರಣೆ ಎನ್ನುವುದು.

ಟೆಸ್ಲಾ ಕಂಪನಿಯದೂ ಇಂಥದ್ದೇ ಪ್ರಕರಣ. 2019ರಲ್ಲಿ ಗಾಳಿಯ ಮೂಲಕ, ಅಂದರೆ ಇಂಟರ್ನೆಟ್ಟಿನಿಂದ ನೇರವಾಗಿ ಕಾರಿಗೆ, ಬಂದ ಅಪ್‌ಡೇಟ್ ಹಳೆಯ ಮಾಡೆಲ್ ಎಸ್ ಕಾರುಗಳ ಗರಿಷ್ಠ ವೋಲ್ಟೇಜನ್ನು ತಗ್ಗಿಸಿತು. ಮಾಲೀಕರು ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದರು, 2021ರಲ್ಲಿ 15 ಲಕ್ಷ ಡಾಲರಿಗೆ ರಾಜಿಯಾಯಿತು. 1,743 ಕಾರುಗಳಿಗೆ ತಲಾ 625 ಡಾಲರ್. ಮೊತ್ತ ಸಣ್ಣದು. ಆದರೆ ದೂರದಿಂದ ಕಳಿಸಿದ ಸಾಫ್ಟ್‌ವೇರ್ ಕಾರಿನ ಸಾಮರ್ಥ್ಯ ಕಸಿದರೆ ಅದಕ್ಕೆ ಬೆಲೆ ಕಟ್ಟಬಹುದು ಎಂಬುದು ಅಲ್ಲಿ ತೋರಿತು. ನಮ್ಮಲ್ಲೂ 2025ರ ಜನವರಿಯಲ್ಲಿ, ಐಓಎಸ್ 18 ಅಪ್‌ಡೇಟ್ ಹಾಕಿದ ಮೇಲೆ ಐಫೋನ್‌ಗಳಲ್ಲಿ ತೊಂದರೆ ಎಂಬ ದೂರುಗಳ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆ್ಯಪಲ್ ಕಂಪನಿಗೆ ನೋಟಿಸ್ ಕೊಟ್ಟಿತು, ಅದನ್ನು ತಿಳಿಸಿದವರು ಕೇಂದ್ರ ಸಚಿವ ಪ್ರಲ್ಹಾದ ಜೋಶಿ. ಫೋನಿಗೆ ಕೇಳಬಹುದಾದ ಪ್ರಶ್ನೆಯನ್ನು ಕಾರಿಗೂ ಕೇಳಬಹುದು.

ಹಳೆಯದನ್ನು ವಾಪಸ್ ಹಾಕಿಸುವ ಆಸೆ

ಜೂನ್‌ನಲ್ಲಿ ಹೈದರಾಬಾದಿನ ಒಬ್ಬ ಮೆಕ್ಯಾನಿಕ್ಕಿನ ಸುದ್ದಿ ಸಾವ್ಕಾರ್ರಿಗೆ ತಲುಪಿತು. ಹಳೆಯ ಸಾಫ್ಟ್‌ವೇರನ್ನು ವಾಪಸ್ ತುಂಬಿಕೊಡುತ್ತಾನಂತೆ, ಅರ್ಧ ದಿನದ ಕೆಲಸವಂತೆ. ಸಾವ್ಕಾರ್ರಿಗೆ ಮನಸ್ಸಿತ್ತು. 'ನಂದೇ ಗಾಡಿ, ನಂದೇ ಬ್ಯಾಟರಿ. ಇದ್ದದ್ದನ್ನ ಇದ್ಹಂಗ ಮಾಡಿಸ್ಕೊಳ್ಳಾಕ ಯಾರ ಪರ್ಮಿಷನ್ ಬೇಕ್ರಿ?'

ನಾನು ಬೇಡವೇ ಬೇಡ ಎಂದೆ. ಕಂಪನಿ ಒಮ್ಮೆ ಸುರಕ್ಷತೆಯ ಮಾತು ಬರವಣಿಗೆಯಲ್ಲಿ ಹೇಳಿದ ಮೇಲೆ, ಅದು ಸುಳ್ಳೆಂದು ನಮ್ಮ ಕೈಯಲ್ಲಿ ಪುರಾವೆ ಇಲ್ಲದಿರುವಾಗ, ಮಿತಿಯನ್ನು ಮತ್ತೆ 4.2 ವೋಲ್ಟಿಗೆ ಏರಿಸಿ ಮನೆಯ ಪಡಸಾಲೆಯಲ್ಲಿ ರಾತ್ರಿ ಚಾರ್ಜಿಗೆ ಹಾಕುವುದು ಮಕ್ಕಳು ಮಲಗಿರುವ ಮನೆಯಲ್ಲಿ ಮಾಡುವ ಕೆಲಸವಲ್ಲ. ವಾರಂಟಿ ಹೋಗುತ್ತದೆ. ಏನಾದರೂ ಆದರೆ ವಿಮೆಯವರು ಹಿಂದೆ ಸರಿಯಲು ಒಳ್ಳೆಯ ನೆಪ ಸಿಗುತ್ತದೆ. ಇದ್ದ ಸಾಕ್ಷ್ಯವೂ ಅಳಿಸಿಹೋಗುತ್ತದೆ. ಕಾರು ಈಗಿರುವ ಸ್ಥಿತಿಯೇ ನಮ್ಮ ದೂರಿನ ಮುಖ್ಯ ಸಾಕ್ಷಿ. ವಕೀಲರೂ ಅದನ್ನೇ ಹೇಳಿದರು, ಸಾವ್ಕಾರ್ರು ಒಪ್ಪಿದರು. ಆದರೆ ಅವರ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಮಾಲೀಕರು ತಮ್ಮ ಕಾರಿನ ಸಾಫ್ಟ್‌ವೇರ್ ಮುಟ್ಟಿದರೆ ಅದು ಅಪರಾಧದ ಹಾಗೆ, ಕಂಪನಿ ಅದೇ ಕಾರಿನ ಸಾಫ್ಟ್‌ವೇರನ್ನು ಹೇಳದೆ ಕೇಳದೆ ಬದಲಿಸಿದರೆ ಅದು ಸೇವೆ. ಈ ಅಂತರವನ್ನು ಯಾವ ಕಾಯ್ದೆಯೂ ಇಷ್ಟು ನೇರವಾಗಿ ಬರೆದಿಲ್ಲ.

ಕಾನೂನಿನ ದಾರಿಗಳು

ವಕೀಲರು ಮೊದಲು ತೆರೆದದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 43. ಕಂಪ್ಯೂಟರಿನ ಮಾಲೀಕರ ಅನುಮತಿ ಇಲ್ಲದೆ ಅದರೊಳಗಿನ ಮಾಹಿತಿಯನ್ನು ಬದಲಿಸಿದರೆ, ಅದರ ಬೆಲೆಯನ್ನೋ ಉಪಯೋಗವನ್ನೋ ತಗ್ಗಿಸಿದರೆ ಪರಿಹಾರ ಕೊಡಬೇಕು ಎಂಬ ಅರ್ಥದ ಮಾತು ಅದರಲ್ಲಿದೆ. ಕಾರಿನ ಬ್ಯಾಟರಿ ನಿಯಂತ್ರಕವೂ ಕಂಪ್ಯೂಟರೇ. ಓದಿದಾಗ ಈ ಪ್ರಕರಣಕ್ಕೆಂದೇ ಬರೆದಂತಿತ್ತು. ಆದರೆ ಅದರ ವಿಚಾರಣೆ ನಡೆಸುವ ಅಧಿಕಾರಿ ರಾಜ್ಯದ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿ, ಅಂದರೆ ಬೆಂಗಳೂರು. ಜಾಬ್ ಕಾರ್ಡಿನ ಸಹಿಯನ್ನು ಅನುಮತಿ ಎಂದು ಅವರು ಹಿಡಿಯಬಹುದು. ಆ ದಾರಿಯನ್ನು ಸದ್ಯಕ್ಕೆ ಬಿಟ್ಟೆವು.

ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಹತ್ತಿರದ ದಾರಿ. ದೂರುದಾರರು ವಾಸಿಸುವ ಊರಿನ ಆಯೋಗದಲ್ಲೇ ದೂರು ಹಾಕಬಹುದು, ಕಂಪನಿಯ ಕಚೇರಿ ಎಲ್ಲೇ ಇರಲಿ. ಐದರಿಂದ ಹತ್ತು ಲಕ್ಷ ಬೆಲೆಯ ಸರಕಿಗೆ ಶುಲ್ಕ 200 ರೂಪಾಯಿ. ಮುಖ್ಯವಾಗಿ, ಸಂಬಂಧಪಟ್ಟ ಮಾಹಿತಿಯನ್ನು ಗ್ರಾಹಕರಿಂದ ಬೇಕೆಂದೇ ತಡೆಹಿಡಿಯುವುದೂ ಸೇವಾ ನ್ಯೂನತೆ ಎಂದು ಈ ಕಾಯ್ದೆಯ ಕಲಂ 2(11) ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ದೂರಿನ ಬೆನ್ನೆಲುಬು ಆ ಮಾತು. ಒಪ್ಪಂದದ ಷರತ್ತೇ ಅನುಚಿತ ಎಂಬ ವಾದವನ್ನು ಮಾತ್ರ ಜಿಲ್ಲಾ ಆಯೋಗದಲ್ಲಿ ಮಾಡುವಂತಿಲ್ಲ. ಅನುಚಿತ ಕರಾರಿನ ದೂರುಗಳು ರಾಜ್ಯ ಆಯೋಗಕ್ಕೇ ಹೋಗಬೇಕು.

ಕಂಪನಿಯ ಆಕ್ಷೇಪಣೆ ನಿರೀಕ್ಷಿಸಿದ್ದೇ. ಇವರು ವ್ಯಾಪಾರಿ, ಕಾರು ವ್ಯಾಪಾರಕ್ಕೆ ಬಳಕೆಯಾಗಿದೆ, ಆದ್ದರಿಂದ ಗ್ರಾಹಕರೇ ಅಲ್ಲ. ಇವರು ನಮ್ಮಿಂದ ಕೊಂಡವರೂ ಅಲ್ಲ. ಮೊದಲನೆಯದಕ್ಕೆ ಉತ್ತರವಾಗಿ ಮಗಳ ನೋಟ್‌ಬುಕ್ ಮತ್ತೆ ನೆರವಾಯಿತು: ಚಾರ್ಜ್ ಆದದ್ದೆಲ್ಲ ಮನೆಯ ಮೀಟರಿನಲ್ಲಿ, ಕಾರು ಇರುವುದು ಅವರ ಸ್ವಂತ ಹೆಸರಿನಲ್ಲಿ, ಅಂಗಡಿಯ ಲೆಕ್ಕದಲ್ಲಿ ಅದು ಎಲ್ಲೂ ಇಲ್ಲ. ಎರಡನೆಯದಕ್ಕೆ, ವಾರಂಟಿಯನ್ನು ಕಂಪನಿಯೇ ಇವರ ಹೆಸರಿಗೆ ಬರೆದುಕೊಟ್ಟಿದೆ. ವಾರಂಟಿಗೆ ಇವರು ಮಾಲೀಕರು, ಒಪ್ಪಿಗೆಗೆ ಮಾತ್ರ ಡಾಕ್ಟರು ಮಾಲೀಕರು ಎನ್ನುವುದು ಹೇಗೆ ಸಾಧ್ಯ?

ಹೊರಗೆ ಈ ವಿಷಯದಲ್ಲಿ ನಿಯಮ ಮುಂದೆ ಹೋಗಿದೆ. ವಿಶ್ವಸಂಸ್ಥೆಯ ವಾಹನ ನಿಯಮ 156 ಸಾಫ್ಟ್‌ವೇರ್ ಅಪ್‌ಡೇಟ್‌ಗಳಿಗೆಂದೇ ಇದೆ. 2021ರ ಜನವರಿಯಲ್ಲಿ ಜಾರಿಗೆ ಬಂದು, ಯುರೋಪಿನಲ್ಲಿ 2024ರ ಜುಲೈಯಿಂದ ಎಲ್ಲ ಹೊಸ ವಾಹನಗಳಿಗೂ ಅನ್ವಯಿಸುತ್ತಿದೆ. ಅದರ ಪ್ರಕಾರ, ಗಾಳಿಯ ಮೂಲಕ ಅಪ್‌ಡೇಟ್ ಹಾಕುವ ಮುಂಚೆ ಅದರ ಉದ್ದೇಶವೇನು, ವಾಹನದ ಯಾವ ಕೆಲಸ ಬದಲಾಗುತ್ತದೆ ಎಂದು ಬಳಸುವವರಿಗೆ ತಿಳಿಸಬೇಕು, ಆದ ಮೇಲೆ ಸರಿಯಾಗಿ ಆಯಿತೋ ಇಲ್ಲವೋ ಎಂದೂ ತಿಳಿಸಬೇಕು. ಭಾರತದಲ್ಲಿ ಅದೇ ಜಾಡಿನ ಎಐಎಸ್-190 ಮಾನದಂಡ ರೂಪುಗೊಂಡಿದೆ. ಆದರೆ ಇಂಥ ಮಾನದಂಡಗಳು ಹೊಸದಾಗಿ ಬರುವ ವಾಹನಗಳ ಕಡೆ ಮುಖಮಾಡಿವೆ. 2020ರಲ್ಲಿ ರಸ್ತೆಗೆ ಇಳಿದು, ಕೈ ಬದಲಾಗಿ, ಇವತ್ತು ಗಂಜ್‌ನ ಸಾವ್ಕಾರ್ರ ಮನೆ ಮುಂದೆ ನಿಂತ ಕಾರಿಗೆ ಅವುಗಳಿಂದ ರಕ್ಷಣೆ ಸಿಕ್ಕಿಲ್ಲ. ಅಪ್‌ಡೇಟಿನ ಬಿಸಿ ತಟ್ಟುವುದು ಮಾತ್ರ ಇಂಥ ಹಳೆಯ ಕಾರುಗಳಿಗೇ.

ಈಗಿನ ಸ್ಥಿತಿ

ಆಗಸ್ಟಿನಲ್ಲಿ ದೂರು ದಾಖಲಾಯಿತು. ಅದಾದ ಕೆಲವೇ ದಿನಗಳಲ್ಲಿ ಕಂಪನಿಯ ಎಂಜಿನಿಯರ್ ಒಬ್ಬರು ಬಂದು ಕಾರನ್ನು ಒಯ್ದು ಪರೀಕ್ಷಿಸಿದರು. ಒಂದು ಮಾಡ್ಯೂಲ್‌ನ ಸೆಲ್‌ಗಳು ಉಳಿದವಕ್ಕಿಂತ ದುರ್ಬಲವಾಗಿವೆ ಎಂದು ಕಂಡಿತು, ವಾರಂಟಿಯಲ್ಲೇ ಬದಲಿಸಿಕೊಟ್ಟರು. ಸಾಲಾಗಿ ಜೋಡಿಸಿದ ಸೆಲ್‌ಗಳಲ್ಲಿ ಎಲ್ಲಕ್ಕಿಂತ ದುರ್ಬಲವಾದದ್ದೇ ಒಟ್ಟು ಸಾಮರ್ಥ್ಯವನ್ನು ನಿರ್ಧರಿಸುವುದರಿಂದ ಸ್ವಲ್ಪ ಅನುಕೂಲವಾಗಿದೆ. 20ರಿಂದ 100ಕ್ಕೆ ಈಗ 22 ಯೂನಿಟ್ ಹಿಡಿಯುತ್ತದೆ. ಬಂದ ಎಂಜಿನಿಯರ್ ಸಜ್ಜನರು, ಕೆಲಸ ಬಲ್ಲವರು. ಆದರೆ 4.1 ವೋಲ್ಟಿನ ಮಿತಿ ಹಾಗೇ ಇದೆ. ಹಳೆಯ ಆವೃತ್ತಿ ಯಾವುದು, ಹೊಸದು ಯಾವುದು, ಏನೇನು ಬದಲಾಗಿದೆ ಎಂದು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿದರೆ ಅದು ಗೋಪ್ಯ ಎಂಬ ಉತ್ತರವೇ ಬರುತ್ತಿದೆ.

ಮಾಡ್ಯೂಲ್ ಬದಲಿಸಿದ ಮೇಲೆ ದೂರು ವಾಪಸ್ ತೆಗೆದುಕೊಳ್ಳಿ ಎಂದು ಕೇಳಿದರು. ಸಾವ್ಕಾರ್ರು ತೆಗೆದುಕೊಂಡಿಲ್ಲ. ಪರಿಹಾರದ ಹಣವನ್ನು ಅವರು ಸಣ್ಣದಾಗಿಯೇ ಕೇಳಿದ್ದಾರೆ. ಅವರಿಗೆ ಬೇಕಾಗಿರುವುದು ಆವೃತ್ತಿಯ ಆ ಕಾಗದ, ಬ್ಯಾಟರಿಯ ಆರೋಗ್ಯವನ್ನು ಕಂಪನಿಯದಲ್ಲದ ಪ್ರಯೋಗಾಲಯದಲ್ಲಿ ಅಳೆಸುವ ಆದೇಶ, ಮತ್ತು ಇನ್ನು ಮುಂದೆ ತಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಸುರಕ್ಷತೆಯ ರೀಕಾಲ್ ಬಿಟ್ಟು ಬೇರಾವ ಅಪ್‌ಡೇಟೂ ಆಗಬಾರದೆಂಬ ನಿರ್ದೇಶನ. ಮೂರನೆಯದು ಸಿಗುತ್ತದೆಯೇ ಎನ್ನುವುದರಲ್ಲಿ ವಕೀಲರಿಗೇ ಅನುಮಾನವಿದೆ. ಕೇಳದಿದ್ದರೆ ಅಂಥ ಆದೇಶ ಎಂದೂ ಹುಟ್ಟುವುದಿಲ್ಲ ಎಂದು ನನಗೆ ಅನಿಸುತ್ತದೆ.

ಇಷ್ಟರಲ್ಲಿ ಇಂಥ ಕಾರು ಇಟ್ಟುಕೊಂಡಿರುವವರಿಗೆ, ಕೊಳ್ಳಲು ಹೊರಟವರಿಗೆ ಹೇಳಬೇಕಾದ ಕೆಲವು ಮಾತುಗಳಿವೆ. ಹಳೆಯ ಎಲೆಕ್ಟ್ರಿಕ್ ಕಾರು ಕೊಳ್ಳುವಾಗ ಆರ್‌ಸಿ ಜೊತೆಗೆ ಆ್ಯಪ್‌ನ ಖಾತೆಯನ್ನೂ ಮಾರಿದವರ ಎದುರೇ ನಿಮ್ಮ ನಂಬರಿಗೆ ಮಾಡಿಸಿಕೊಳ್ಳಿ, ಮಾಡಿಕೊಟ್ಟದ್ದಕ್ಕೆ ಕಂಪನಿಯಿಂದ ಇಮೇಲ್ ಪಡೆಯಿರಿ. ಚಾರ್ಜಿಂಗ್ ಸಾಕೆಟ್ಟಿಗೆ ಸಣ್ಣ ಮೀಟರ್ ಹಾಕಿಸಿ, ತಿಂಗಳಿಗೆ ಒಂದೆರಡು ಸಲವಾದರೂ ಶೇಕಡಾ ಎಷ್ಟು, ಯೂನಿಟ್ ಎಷ್ಟು ಎಂದು ಬರೆದಿಡಿ. ಸರ್ವಿಸ್‌ಗೆ ಬಿಡುವ ಮುಂಚೆ ತೆರೆಯಲ್ಲಿ ಕಾಣುವ ಸಾಫ್ಟ್‌ವೇರ್ ಆವೃತ್ತಿಯ ಫೋಟೋ ತೆಗೆದಿಟ್ಟುಕೊಳ್ಳಿ. ಡ್ರೈವರನ್ನು ಕಳಿಸುವುದಾದರೆ ಅವರ ಕೈಯಲ್ಲಿ ಸಹಿ ಮಾಡಿದ ಚೀಟಿ ಕೊಡಿ: 'ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಈ ವಾಹನದ ಯಾವ ಸಾಫ್ಟ್‌ವೇರನ್ನೂ ಬದಲಿಸಬಾರದು. ಸುರಕ್ಷತೆಯ ರೀಕಾಲ್ ಆಗಿದ್ದರೆ ಅದರ ಪತ್ರವನ್ನು ಮೊದಲು ಕೊಡಬೇಕು.' ಸಾವ್ಕಾರ್ರು ಈ ಸಾಲುಗಳನ್ನು ಈಗ ಜಾಬ್ ಕಾರ್ಡಿನಲ್ಲೇ ಬರೆಸುತ್ತಾರೆ. ಕಾರ್ಡಿನ ಪ್ರತಿಯನ್ನು ಗಾಡಿ ಬಿಡುವಾಗಲೇ ಇಸಿದುಕೊಳ್ಳಿ, ತರಲು ಹೋದಾಗ ಅಲ್ಲ.